ನಲವತ್ತು ಕಿಲೋಮೀಟರ್ ದಾರಿಗೆ ಯಾವ ಏರ್ ಟ್ಯಾಕ್ಸಿ? ಕಂಪನಿಗಳ ಅಂಕಿಗಳೂ ನಮ್ಮ ಲೆಕ್ಕವೂ

ವಾರದ ಪ್ರಯಾಣಿಕ

ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಾನು ತಿಂಗಳಿಗೆ ಮೂರ್ನಾಲ್ಕು ಸಲ ಹೋಗಿ ಬರುತ್ತೇನೆ. ಹೈದರಾಬಾದಿಗೆ ವಿಮಾನ ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಆ ವಿಮಾನವನ್ನು ಹತ್ತುವುದಕ್ಕಾಗಿ ಸಿಲ್ಕ್ ಬೋರ್ಡನ್ನೂ ಹೆಬ್ಬಾಳವನ್ನೂ ದಾಟಲು ಎರಡು ಗಂಟೆ ತೆಗೆದಿಡಬೇಕು. ಹೀಗಾಗಿ ವಿದ್ಯುತ್ ಏರ್ ಟ್ಯಾಕ್ಸಿಗಳ ಸುದ್ದಿ ಎಲ್ಲಿ ಕಂಡರೂ ಓದುವುದು ನನಗೆ ಚಟವಾಗಿಬಿಟ್ಟಿದೆ. ಕಳೆದ ವಾರ ಕಂಪನಿಗಳು ತಾವೇ ಪ್ರಕಟಿಸಿರುವ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಲಿಸಿ ನೋಡಿದೆ.

ಕ್ಯಾಲಿಫೋರ್ನಿಯದ ಜೋಬಿ ವಿಮಾನಕ್ಕೆ ಆರು ಪ್ರೊಪೆಲ್ಲರ್‌ಗಳಿದ್ದು, ಮೇಲೇರುವಾಗ ಆಕಾಶದ ಕಡೆಗಿರುವ ಅವು ಹಾರುವಾಗ ಮುಂದಕ್ಕೆ ಬಾಗುತ್ತವೆ. ಪೈಲಟ್ ಅಲ್ಲದೆ ನಾಲ್ವರು ಕೂರಬಹುದು, ಗರಿಷ್ಠ ವೇಗ ಗಂಟೆಗೆ ಸುಮಾರು 320 ಕಿ.ಮೀ., ಒಂದು ಚಾರ್ಜಿಗೆ ಸುಮಾರು 160 ಕಿ.ಮೀ. ಹೋಗಬಹುದು. ಆರ್ಚರ್ ಕಂಪನಿಯ ಮಿಡ್‌ನೈಟ್‌ನಲ್ಲೂ ಪೈಲಟ್ ಮತ್ತು ನಾಲ್ವರಿಗೆ ಜಾಗವಿದೆ. ಅದರ ಹನ್ನೆರಡು ಪ್ರೊಪೆಲ್ಲರ್‌ಗಳಲ್ಲಿ ಮುಂದಿನ ಆರು ಮಾತ್ರ ಬಾಗುತ್ತವೆ, ವೇಗ ಗಂಟೆಗೆ ಸುಮಾರು 240 ಕಿ.ಮೀ. ಚೀನಾದ ಇಹ್ಯಾಂಗ್ 216-ಎಸ್‌ಗೆ ರೆಕ್ಕೆಯೂ ಇಲ್ಲ, ಪೈಲಟ್ಟೂ ಇಲ್ಲ. ಹದಿನಾರು ಪ್ರೊಪೆಲ್ಲರ್‌ಗಳ ಬಲದಲ್ಲಿ ಇಬ್ಬರು ಪ್ರಯಾಣಿಕರನ್ನು ಹೊತ್ತು ಸುಮಾರು 30 ಕಿ.ಮೀ. ಹೋಗುತ್ತದೆ. ಜರ್ಮನಿಯ ವೊಲೊಸಿಟಿಗೆ ಹದಿನೆಂಟು ರೋಟರ್‌ಗಳು, ಎರಡು ಆಸನ, ಸುಮಾರು 35 ಕಿ.ಮೀ. ವ್ಯಾಪ್ತಿ. ನಮ್ಮ ಊರಿನದೇ ಆದ ಸರ್ಲಾ ಏವಿಯೇಷನ್ 2025ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ ಇಟ್ಟಿದ್ದ ‘ಶೂನ್ಯ’ದ ಮಾದರಿಗೆ ಆರು ಪ್ರಯಾಣಿಕರು, 250 ಕಿ.ಮೀ. ವೇಗ, 160 ಕಿ.ಮೀ. ವ್ಯಾಪ್ತಿ ಎಂದು ಹೇಳಿಕೊಂಡಿದೆ.

ಈ ಹಾಳೆಯ ಪ್ರಕಾರ ಜೋಬಿಗೇ ಮೊದಲ ಸ್ಥಾನ ಕೊಡಬೇಕಾಗುತ್ತದೆ. ನನ್ನ ಹೋಲಿಕೆಯಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಲೆಕ್ಕದ ಮೇಷ್ಟ್ರು

ಮೊದಲು ನಕ್ಷೆಯ ಮೇಲೆ ಅಡಿಕೋಲು ಇಟ್ಟು ನೋಡಿ. ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ಆಗುತ್ತದೆ. ಅಲ್ಲಿಗೆ ಇಹ್ಯಾಂಗ್ ಮತ್ತು ವೊಲೊಸಿಟಿಗಳು ನಿಮ್ಮ ಹಾಳೆಯಿಂದ ತಾವಾಗಿಯೇ ಹೊರಬಿದ್ದವು. ಅವು ಕೆಟ್ಟ ಯಂತ್ರಗಳೆಂದು ಇದರ ಅರ್ಥವಲ್ಲ, ಬೇರೆ ದೂರಕ್ಕಾಗಿ ಮಾಡಿದವು ಎಂದಷ್ಟೇ. ಹಾಗೆಯೇ ಜೋಬಿಯ 160 ಕಿ.ಮೀ. ಎಂಬ ಅಂಕಿಯೂ ನಿಮಗೆ ಹೆಚ್ಚು ಉಪಯೋಗದ್ದಲ್ಲ. ಅದೇ ಕಂಪನಿಯ ವಿಮಾನ 2021ರ ಜುಲೈಯಲ್ಲಿ ಒಂದೇ ಚಾರ್ಜಿನಲ್ಲಿ ಸುಮಾರು 249 ಕಿ.ಮೀ. ಹಾರಿದ್ದು ನಿಜ, ಆದರೆ ಅದು ಒಳಗೆ ಯಾರೂ ಇಲ್ಲದೆ, ನೆಲದಿಂದ ನಿಯಂತ್ರಿಸಿ, ಸುತ್ತು ಹೊಡೆಸಿದ ಹಾರಾಟವಾಗಿತ್ತು.

ಸಣ್ಣ ದೂರದ ಲೆಕ್ಕವನ್ನು ನಿರ್ಧರಿಸುವುದು ನೆಟ್ಟಗೆ ಏರಿ ಇಳಿಯುವ ಆ ಒಂದೆರಡು ನಿಮಿಷ. ಒಂದು ಸ್ಥೂಲ ಲೆಕ್ಕ ಮಾಡೋಣ. 2,400 ಕೆ.ಜಿ. ತೂಕದ ವಿಮಾನ, ಪ್ರೊಪೆಲ್ಲರ್‌ಗಳು ತಿರುಗಿ ಆವರಿಸುವ ಒಟ್ಟು ವಿಸ್ತೀರ್ಣ 40 ಚದರ ಮೀಟರ್ ಎಂದು ಹಿಡಿಯಿರಿ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದಕ್ಕೆ ಅದಕ್ಕೆ, ನಷ್ಟಗಳೆಲ್ಲ ಸೇರಿ, ಸುಮಾರು 520 ಕಿಲೊವ್ಯಾಟ್ ಶಕ್ತಿ ಬೇಕಾಗುತ್ತದೆ. ರೆಕ್ಕೆಯ ಮೇಲೆ ಭಾರ ಹಾಕಿ ಗಂಟೆಗೆ 240 ಕಿ.ಮೀ. ವೇಗದಲ್ಲಿ ಮುಂದೆ ಹೋಗುವಾಗ 160 ಕಿಲೊವ್ಯಾಟ್ ಸಾಕು. ಅಂದರೆ ನಿಲ್ಲುವುದು ಓಡುವುದಕ್ಕಿಂತ ಮೂರು ಪಟ್ಟು ದುಬಾರಿ. ನೆಲದ ಮೇಲಿನ ವಾಹನಗಳಿಗೆ ಒಗ್ಗಿದ ನಮ್ಮ ಬುದ್ಧಿಗೆ ಇದು ಸುಲಭವಾಗಿ ಇಳಿಯುವುದಿಲ್ಲ. ಏರಲು ಒಂದು, ಇಳಿಯಲು ಒಂದು ಎಂದು ಎರಡು ನಿಮಿಷಕ್ಕೆ ಸುಮಾರು 17 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. 40 ಕಿ.ಮೀ. ಪಯಣದ ಹತ್ತು ನಿಮಿಷಕ್ಕೆ ಸುಮಾರು 27 ಯೂನಿಟ್. ನೀವು ಕೇವಲ 10 ಕಿ.ಮೀ. ಹೋಗುವುದಾದರೆ ಪಯಣದ ಖರ್ಚು 7 ಯೂನಿಟ್ಟಿಗೆ ಇಳಿಯುತ್ತದೆ, ಏರಿಳಿಯುವ ಖರ್ಚು ಮಾತ್ರ ಅದೇ 17 ಆಗಿಯೇ ಉಳಿಯುತ್ತದೆ. ಹತ್ತು ಕಿಲೋಮೀಟರಿಗೆ ಹೋಲಿಸುವಾಗ ಗರಿಷ್ಠ ವೇಗದ ಸಾಲನ್ನು ಹೊಡೆದುಹಾಕಿದರೂ ನಷ್ಟವಿಲ್ಲ.

ಇನ್ನೊಂದು ಮಾತು. ಹೆಲಿಕಾಪ್ಟರ್‌ಗಳಿಗೆ ಹಗಲಿನ ಸ್ಪಷ್ಟ ಹವೆಯಲ್ಲಿ ಇರಬೇಕಾದ ಮೀಸಲು ಇಂಧನ 20 ನಿಮಿಷದ್ದು. ಅದೇ ನಿಯಮವನ್ನು ಇಲ್ಲಿಗೂ ಅನ್ವಯಿಸಿದರೆ 54 ಯೂನಿಟ್ ಮುಟ್ಟದೆ ಉಳಿಸಬೇಕು. ಪ್ರಯಾಣಕ್ಕೆ 44, ಮೀಸಲಿಗೆ 54! ಬಳಸದ ವಿದ್ಯುತ್ತನ್ನು ಹೊರುವುದಕ್ಕಾಗಿಯೇ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ತೂಕ ಹೋಗುತ್ತದೆ. ಕೆ.ಜಿ.ಗೆ 235 ವ್ಯಾಟ್-ಗಂಟೆ ಕೊಡುವ ಉತ್ತಮ ಬ್ಯಾಟರಿಯನ್ನೇ ಹಾಕಿದರೂ ಸುಮಾರು 98 ಯೂನಿಟ್ಟಿಗೆ 400 ಕೆ.ಜಿ. ದಾಟುತ್ತದೆ.

ಒಂದೇ ಪ್ರಶ್ನೆ

ಮೇಷ್ಟ್ರೇ, 44 ಯೂನಿಟ್ ಎಂದರೆ ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ 440 ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ 110. ಹಾಗಾದರೆ ಟಿಕೆಟ್ ಸಾವಿರಗಳಲ್ಲಿ ಏಕಿರಬೇಕು?

ಹ್ಯಾಂಗರ್ ಹಳಬ

ವಿದ್ಯುತ್ತಿನ ಬಿಲ್ಲು ಈ ವ್ಯವಹಾರದಲ್ಲಿ ಎಲೆಯ ಮೇಲಿನ ಉಪ್ಪು ಇದ್ದಂತೆ. ಖರ್ಚಿರುವುದು ಪೈಲಟ್ಟಿನಲ್ಲಿ, ಬ್ಯಾಟರಿ ಬದಲಿಸುವುದರಲ್ಲಿ, ತಪಾಸಣೆಯಲ್ಲಿ, ವಿಮೆಯಲ್ಲಿ. ಮೂವತ್ತು ವರ್ಷ ಹೆಲಿಕಾಪ್ಟರ್‌ಗಳ ನಿರ್ವಹಣೆಯಲ್ಲಿದ್ದವನಾಗಿ ಹೇಳುತ್ತಿದ್ದೇನೆ. ಒಂದು ಗಂಟೆ ಹಾರಿ ಬಂದ ಹೆಲಿಕಾಪ್ಟರ್‌ನ ಗೇರ್‌ಬಾಕ್ಸ್ ಕೆಳಗೆ ನಾವು ಕೈಯೊರೆಸುವ ಬಟ್ಟೆಯನ್ನು ಹಿಡಿದು ನೋಡುತ್ತಿದ್ದೆವು. ಬಟ್ಟೆಯ ಮೇಲೆ ಎಣ್ಣೆಯ ಕಲೆ ಎಷ್ಟು ಅಗಲವಾಗಿದೆ ಎಂಬುದರ ಮೇಲೆ ಮುಂದಿನ ಹಾರಾಟ ನಿಂತಿರುತ್ತಿತ್ತು. ವಿದ್ಯುತ್ ವಿಮಾನದಲ್ಲಿ ಆ ಗೇರ್‌ಬಾಕ್ಸ್ ಇಲ್ಲದಿರುವುದು, ಉದ್ದ ಶಾಫ್ಟುಗಳಿಲ್ಲದಿರುವುದು ನಿಜವಾದ ಲಾಭ, ಅದನ್ನು ನಾನು ಒಪ್ಪುತ್ತೇನೆ. ಆದರೆ ಬಟ್ಟೆಗೆ ಕಾಣುವ ಎಣ್ಣೆಯ ಬದಲು ಕಣ್ಣಿಗೆ ಕಾಣದ ಬ್ಯಾಟರಿಯ ಸವಕಳಿ ಬಂದಿದೆ. ದಿನಕ್ಕೆ ಇಪ್ಪತ್ತು ಸಲ ಬಿರುಸಿನಿಂದ ಬರಿದು ಮಾಡಿ, ಬಿರುಸಿನಿಂದ ತುಂಬಿದರೆ ಅದರ ಆಯುಸ್ಸು ಎಷ್ಟು ಎಂಬುದೇ ಟಿಕೆಟ್ಟಿನ ದರವನ್ನು ನಿರ್ಧರಿಸುತ್ತದೆ.

ಸುರಕ್ಷತೆಯ ವಿಚಾರದಲ್ಲಿ ಪ್ರೊಪೆಲ್ಲರ್‌ಗಳ ಸಂಖ್ಯೆಯನ್ನೇ ಅಂಕವೆಂದು ಎಣಿಸಬಾರದು. 2022ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ವೇಗದ ಮಿತಿಯನ್ನು ಪರೀಕ್ಷಿಸುತ್ತಿದ್ದ ಜೋಬಿಯ ಮಾನವರಹಿತ ಮಾದರಿಯೊಂದು ಬಿದ್ದದ್ದು ಪ್ರೊಪೆಲ್ಲರಿನ ಒಂದು ಬ್ಲೇಡ್ ಕಳಚಿದ್ದರಿಂದ. 2023ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ವರ್ಟಿಕಲ್ ಏರೋಸ್ಪೇಸ್‌ನ ಮಾದರಿ ಬಿದ್ದಾಗಲೂ ತೊಂದರೆ ಶುರುವಾಗಿದ್ದು ಪ್ರೊಪೆಲ್ಲರಿನಲ್ಲಿಯೇ. ಎರಡರಲ್ಲೂ ಯಾರಿಗೂ ಏನೂ ಆಗಲಿಲ್ಲ. ಇಂಥವು ತಿಳಿಯಲೆಂದೇ ಪರೀಕ್ಷೆಗಳಿರುವುದು. ಒಂದು ಮೋಟರ್ ನಿಂತರೆ ಉಳಿದವು ಹೊರುತ್ತವೆ ಎಂಬುದು ಸರಿ, ಆದರೆ ಕಳಚಿದ ತುಂಡು ಪಕ್ಕದ ಪ್ರೊಪೆಲ್ಲರಿಗೆ ಬಡಿದರೆ ಏನಾಗುತ್ತದೆ ಎಂಬುದು ಕಠಿಣ ಪ್ರಶ್ನೆ. ಜನನಿಬಿಡ ಪ್ರದೇಶದ ಮೇಲೆ ಹಾರುವ ಇಂಥ ವಿಮಾನಗಳಿಗೆ ಯುರೋಪಿನ ನಿಯಂತ್ರಕರು 2019ರಲ್ಲಿ ಹಾಕಿದ ಷರತ್ತು ಎಂದರೆ, ದುರಂತಕ್ಕೆ ಕಾರಣವಾಗುವ ವೈಫಲ್ಯ 100 ಕೋಟಿ ಹಾರಾಟದ ಗಂಟೆಗಳಿಗೆ ಒಂದನ್ನು ಮೀರಬಾರದು. ಅದು ದೊಡ್ಡ ಪ್ರಯಾಣಿಕ ವಿಮಾನಗಳ ಮಟ್ಟ. 2025ರ ಕೊನೆಯವರೆಗೂ ಜೋಬಿಗಾಗಲಿ ಆರ್ಚರಿಗಾಗಲಿ ಅಮೆರಿಕದ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ವಿನ್ಯಾಸ ಸುರಕ್ಷಿತವೆಂಬ ಸರ್ಕಾರದ ಒಪ್ಪಿಗೆ) ಸಿಕ್ಕಿರಲಿಲ್ಲವೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ನ್ಯೂಯಾರ್ಕಿನ ಹಳೆಯ ಪ್ರಸಂಗವನ್ನೂ ಮರೆಯಬಾರದು. ಅಲ್ಲಿನ ಪ್ಯಾನ್ ಆಮ್ ಕಟ್ಟಡದ ನೆತ್ತಿಯಿಂದ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರ್ ಸೇವೆಯಿತ್ತು. 1977ರ ಮೇ 16ರಂದು ಜನ ಹತ್ತಿಳಿಯುತ್ತಿದ್ದಾಗ ಹೆಲಿಕಾಪ್ಟರಿನ ಚಕ್ರದ ಕಾಲು ಮುರಿದು, ಅದು ವಾಲಿ, ತಿರುಗುತ್ತಿದ್ದ ಬ್ಲೇಡುಗಳು ಮಹಡಿಯ ಮೇಲೆ ನಾಲ್ವರನ್ನೂ, ಕೆಳಗೆ ಬಿದ್ದ ತುಂಡೊಂದು ರಸ್ತೆಯಲ್ಲಿದ್ದ ಒಬ್ಬರನ್ನೂ ಕೊಂದವು. ಆ ಮಹಡಿಯ ಸೇವೆ ಮತ್ತೆ ಶುರುವಾಗಲಿಲ್ಲ, 1979ರಲ್ಲಿ ಕಂಪನಿಯೇ ಮುಚ್ಚಿತು. ಆದ್ದರಿಂದ ಯಾವುದೇ ಯಂತ್ರವನ್ನು ನೋಡುವಾಗ ನಾನು ಮೊದಲು ಕೇಳುವುದು, ಪ್ರಯಾಣಿಕರು ಹತ್ತುವಾಗ ಪ್ರೊಪೆಲ್ಲರ್‌ಗಳು ಪೂರ್ತಿ ನಿಂತಿರುತ್ತವೆಯೇ ಎಂಬುದನ್ನು. ಕ್ಷಣದಲ್ಲಿ ನಿಂತು ಕ್ಷಣದಲ್ಲಿ ತಿರುಗುವ ವಿದ್ಯುತ್ ಮೋಟರಿಗೆ ಇದು ಸಾಧ್ಯ, ಹೆಲಿಕಾಪ್ಟರಿನ ಟರ್ಬೈನ್‌ಗೆ ಇದು ದುಬಾರಿ ಅಭ್ಯಾಸ. ಹೋಲಿಕೆಯ ಪಟ್ಟಿಗಳಲ್ಲಿ ಈ ಒಂದು ಸಾಲನ್ನು ನಾನು ಎಲ್ಲಿಯೂ ಕಂಡಿಲ್ಲ.

ದೇರಾ ಕನ್ನಡಿಗ

ದುಬೈಯಿಂದ ಬರೆಯುತ್ತಿದ್ದೇನೆ, ಹದಿನಾಲ್ಕು ವರ್ಷಗಳಿಂದ ಇಲ್ಲಿದ್ದೇನೆ. ಇಲ್ಲಿಯ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರ 2024ರ ಫೆಬ್ರವರಿಯಲ್ಲಿ ಜೋಬಿಯೊಂದಿಗೆ ಆರು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊದಲ ನಾಲ್ಕು ನೆಲೆಗಳು ವಿಮಾನ ನಿಲ್ದಾಣ, ಪಾಮ್ ಜುಮೇರಾ, ಡೌನ್‌ಟೌನ್ ಮತ್ತು ಮರೀನಾ ಎಂದು ಗೊತ್ತುಮಾಡಿದ್ದಾರೆ. ವಿಮಾನ ನಿಲ್ದಾಣದಿಂದ ಪಾಮ್‌ಗೆ ಕಾರಿನಲ್ಲಿ 45 ನಿಮಿಷವಾಗುವುದು ಹತ್ತು ನಿಮಿಷಕ್ಕೆ ಇಳಿಯುತ್ತದೆ ಎಂಬುದು ಅವರ ಮಾತು. 2025ರ ಬೇಸಿಗೆಯಲ್ಲಿ ಮರ್ಗಮ್ ಎಂಬ ಮರುಭೂಮಿಯ ನೆಲೆಯಲ್ಲಿ ಪೈಲಟ್ ಕೂತು ಹಾರಿಸಿದ ಪರೀಕ್ಷೆಗಳೂ ನಡೆದವು.

ಬೆಂಗಳೂರಿನವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇಲ್ಲಿ ನಗರ ಕಡಲಿನ ಗುಂಟ ಉದ್ದಕ್ಕೆ ಹರಡಿದೆ. ನಾಲ್ಕು ನೆಲೆಗಳೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ, ದಾರಿಯ ಬಹುಭಾಗವನ್ನು ನೀರಿನ ಅಂಚಿನ ಮೇಲೆ ಇಟ್ಟುಕೊಳ್ಳಬಹುದು. ಪ್ರಯಾಣಿಕರೂ ಸಿದ್ಧರಿದ್ದಾರೆ, ಪಾಮ್‌ನ ಹೋಟೆಲಿಗೆ ಬರುವ ಪ್ರವಾಸಿಗೆ ಟಿಕೆಟ್ಟಿನ ದರ ಕೋಣೆಯ ಬಾಡಿಗೆಯ ಪಕ್ಕದಲ್ಲಿ ಸಣ್ಣದಾಗಿಯೇ ಕಾಣುತ್ತದೆ. ನಾನು ಕೆಲಸ ಮಾಡುವ ದೇರಾದ ಗೋದಾಮಿನ ಹುಡುಗರಿಗೆ ಇದರಿಂದ ಏನೂ ಆಗುವುದಿಲ್ಲ. ಅವರಿಗೆ 2009ರಲ್ಲಿ ಬಂದ ಮೆಟ್ರೊವೇ ದೊಡ್ಡ ಉಪಕಾರ.

ಬಿಸಿಲಿನ ಭಯವನ್ನಂತೂ ಬಿಟ್ಟುಬಿಡಬಹುದು. 45 ಡಿಗ್ರಿ ಸುಡುವ ಈ ಊರಿನಲ್ಲಿ ಹಾರುವ ವಿಮಾನಕ್ಕೆ ಬೆಂಗಳೂರಿನ ತಂಪು ಹವೆ ಯಾವ ಲೆಕ್ಕ?

ಒಂದೇ ಪ್ರಶ್ನೆ

ದುಬೈ ವಿಮಾನ ನಿಲ್ದಾಣದ ಆ ನೆಲೆಯ ಸಾಮರ್ಥ್ಯವನ್ನು ವರ್ಷಕ್ಕೆ 42,000 ಇಳಿಯುವಿಕೆ ಮತ್ತು ಸುಮಾರು 1,70,000 ಪ್ರಯಾಣಿಕರು ಎಂದು ಪ್ರಾಧಿಕಾರವೇ ಪ್ರಕಟಿಸಿದೆ. ದಿನಕ್ಕೆ ಭಾಗಿಸಿದರೆ 115 ಇಳಿಯುವಿಕೆ, ಸುಮಾರು 466 ಜನ. ನಮ್ಮ ಕೆಂಪೇಗೌಡ ನಿಲ್ದಾಣವನ್ನು 2024-25ರಲ್ಲಿ ಬಳಸಿದವರು ಸುಮಾರು 4.19 ಕೋಟಿ, ಅಂದರೆ ದಿನಕ್ಕೆ 1,15,000 ಮಂದಿ. ನಾಲ್ಕು ಮಹಡಿಯ ಕಟ್ಟಡ ಕಟ್ಟಿ ಹತ್ತು ಹನ್ನೊಂದು ವಾಯುವಜ್ರ ಬಸ್ಸುಗಳ ಜನರನ್ನು ಸಾಗಿಸುವುದಾದರೆ, ಇದನ್ನು ಸಾರಿಗೆ ಎಂದು ಕರೆಯಬೇಕೇ, ಸೌಕರ್ಯ ಎಂದು ಕರೆಯಬೇಕೇ?

ಲೆಕ್ಕದ ಮೇಷ್ಟ್ರು

ಸೌಕರ್ಯವೆಂದೇ ಕರೆಯೋಣ, ಅದರಲ್ಲಿ ತಪ್ಪೇನಿಲ್ಲ. ನಾನು ತಡೆಯಬೇಕಾದದ್ದು ದೇರಾ ಕನ್ನಡಿಗರ ಕೊನೆಯ ಸಾಲನ್ನು. ವಿಮಾನಕ್ಕೆ ಬೇಕಾದದ್ದು ತಂಪಲ್ಲ, ಗಾಳಿಯ ಸಾಂದ್ರತೆ. ಬಿಸಿಯಾದರೂ ಗಾಳಿ ತೆಳುವಾಗುತ್ತದೆ, ಎತ್ತರಕ್ಕೆ ಹೋದರೂ ತೆಳುವಾಗುತ್ತದೆ. ದುಬೈ ಸಮುದ್ರಮಟ್ಟದಲ್ಲಿದೆ, ನಮ್ಮ ವಿಮಾನ ನಿಲ್ದಾಣ ಅದಕ್ಕಿಂತ ಸುಮಾರು 915 ಮೀಟರ್ ಮೇಲಿದೆ. 45 ಡಿಗ್ರಿಯ ದುಬೈಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕೆ.ಜಿ. ತೂಗಿದರೆ, ಏಪ್ರಿಲ್ ತಿಂಗಳ 35 ಡಿಗ್ರಿಯ ಬೆಂಗಳೂರಿನಲ್ಲಿ ಅದು ಸುಮಾರು 1.03 ಕೆ.ಜಿ. ಮಾತ್ರ. ಪ್ರೊಪೆಲ್ಲರಿನ ದೃಷ್ಟಿಯಿಂದ ನಮ್ಮ ಹಿತವಾದ ಬೇಸಿಗೆಯ ಮಧ್ಯಾಹ್ನ ದುಬೈಯ ಉರಿಗಿಂತ ಕಷ್ಟದ್ದು! ಬ್ಯಾಟರಿ ತಣ್ಣಗಿರುವುದಕ್ಕೆ ನಮ್ಮ ಹವೆ ಒಳ್ಳೆಯದು, ಎತ್ತುವುದಕ್ಕೆ ಮಾತ್ರ ಒಳ್ಳೆಯದಲ್ಲ. ಆದ್ದರಿಂದ ಯಾವ ಕಂಪನಿ ಬಂದರೂ, ಸಮುದ್ರಮಟ್ಟದಲ್ಲಿ ನಾಲ್ವರನ್ನು ಹೊರುವ ವಿಮಾನ ಜಕ್ಕೂರಿನಲ್ಲಿ ಎಷ್ಟು ಜನರನ್ನು ಹೊರುತ್ತದೆ ಎಂದು ಮೊದಲು ಕೇಳಬೇಕು.

ಜಕ್ಕೂರಿನ ಮಹಡಿ ಮನೆ

ಜಕ್ಕೂರಿನ ಹೆಸರು ಬಂದದ್ದರಿಂದ ನಾನೂ ಬರೆಯಬೇಕಾಯಿತು. ನಮ್ಮ ಮನೆ ವೈಮಾನಿಕ ತರಬೇತಿ ಶಾಲೆಯ ರನ್‌ವೇಗೆ ಹತ್ತಿರದಲ್ಲಿದೆ. ಬೆಳಿಗ್ಗೆ ತರಬೇತಿ ವಿಮಾನವೊಂದು ಮೇಲೆದ್ದಾಗ ಅಡುಗೆಮನೆಯ ಸ್ಟೀಲ್ ಡಬ್ಬಗಳ ಮುಚ್ಚಳಗಳು ಸಣ್ಣಗೆ ಗುಂಯ್‌ಗುಡುತ್ತವೆ. ಅದಕ್ಕೆ ನಾವು ಒಗ್ಗಿಕೊಂಡಿದ್ದೇವೆ.

ಶಬ್ದದ ವಿಷಯದಲ್ಲಿ ಜೋಬಿಯವರು ಅಮೆರಿಕದ ನಾಸಾ ಸಂಸ್ಥೆಯೊಡನೆ ಅಳೆದಿರುವ ಅಂಕಿ ನನಗೆ ಮೆಚ್ಚುಗೆಯಾಯಿತು: 500 ಮೀಟರ್ ಎತ್ತರದಲ್ಲಿ ಹಾದುಹೋಗುವಾಗ ನೆಲದಲ್ಲಿ 45.2 ಡೆಸಿಬಲ್, ಏರಿಳಿಯುವಾಗ 100 ಮೀಟರ್ ದೂರದಲ್ಲಿ 65ಕ್ಕಿಂತ ಕಡಿಮೆ. 65 ಎಂದರೆ ಎದುರು ಕೂತು ಮಾತನಾಡುವಷ್ಟು ಸದ್ದು. ನನ್ನ ಮೆಚ್ಚುಗೆಯೊಂದಿಗೆ ಒಂದು ಗುಣಾಕಾರವೂ ಇದೆ. ದಿನಕ್ಕೆ 115 ಇಳಿಯುವಿಕೆಯೆಂದರೆ ಅಷ್ಟೇ ಏರುವಿಕೆ, ಒಟ್ಟು 230. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಂಚಿದರೆ ನಾಲ್ಕು ನಿಮಿಷಕ್ಕೊಂದು. ಹೆಲಿಕಾಪ್ಟರ್ ಒಮ್ಮೆ ಬಂದು ಸಿಟ್ಟು ತರಿಸಿ ಹೋಗುತ್ತದೆ, ಇದು ನಾಲ್ಕು ನಿಮಿಷಕ್ಕೊಮ್ಮೆ ಮೆಲ್ಲಗೆ ಬಂದು ಹೋಗುತ್ತದೆ. ಯಾವುದು ಸಹ್ಯವೆಂದು ನನಗೆ ಈಗಲೇ ಹೇಳಲಾಗುವುದಿಲ್ಲ. ಒಂದು ಹಾರಾಟದ ಡೆಸಿಬಲ್‌ನಿಂದ ಮಾತ್ರ ಹೋಲಿಸುವುದು ಮನೆಯೊಳಗೆ ಕೂತಿರುವವರ ಹೋಲಿಕೆಯಲ್ಲ.

ಹ್ಯಾಂಗರ್ ಹಳಬ

ಮೇಡಂ, ನಿಮ್ಮ ನೆರೆಯ ಆಕಾಶ ಇನ್ನೂ ಇಕ್ಕಟ್ಟಿನದು. ಯಲಹಂಕದಲ್ಲಿ ವಾಯುಪಡೆಯ ನೆಲೆ, ಜಕ್ಕೂರಿನಲ್ಲಿ ತರಬೇತಿ, ದೇವನಹಳ್ಳಿಯಲ್ಲಿ ಪ್ರಯಾಣಿಕ ವಿಮಾನಗಳು. ಇಷ್ಟು ಸಾಲದೆಂಬಂತೆ ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನ ನಿಲ್ದಾಣಕ್ಕೆ ಎಳೆದ ನೇರ ಗೆರೆ ಹೆಚ್ಚುಕಡಿಮೆ ಹಳೆಯ ಎಚ್‌ಎಎಲ್ ನಿಲ್ದಾಣದ ನೆತ್ತಿಯ ಮೇಲೆಯೇ ಹೋಗುತ್ತದೆ. ಯುದ್ಧವಿಮಾನಗಳ ಪರೀಕ್ಷೆ ನಡೆಯುವ ಆ ರನ್‌ವೇಯನ್ನು ಅಡ್ಡಹಾಯಲು ಟ್ಯಾಕ್ಸಿಗೆ ಬೇಕೆಂದಾಗಲೆಲ್ಲ ಅನುಮತಿ ಸಿಗುವುದಿಲ್ಲ. ಸುತ್ತಿ ಹೋದರೆ 40 ಕಿ.ಮೀ. ಐವತ್ತಾಗುತ್ತದೆ, ಕಾದು ಹೋದರೆ ಮೇಷ್ಟ್ರ ಮೀಸಲು ಯೂನಿಟ್ಟುಗಳು ಕರಗುತ್ತವೆ. ಇಲ್ಲಿ ಮಾತ್ರ ಜೋಬಿ, ಆರ್ಚರ್‌ಗಳ ಹೆಚ್ಚಿನ ವ್ಯಾಪ್ತಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಹಾಳೆಯಲ್ಲಿ ಸೇರಿಸಿಕೊಳ್ಳಿ. ಜೋಬಿ ತನ್ನದೇ ಚಾರ್ಜಿಂಗ್ ಪ್ಲಗ್ಗನ್ನು ಮುಂದಿಟ್ಟಿದೆ. ಆರ್ಚರ್, ಬೀಟಾ ಕಂಪನಿಗಳು ವಿದ್ಯುತ್ ಕಾರುಗಳಲ್ಲಿರುವ ಸಿಸಿಎಸ್ ಮಾದರಿಯನ್ನು ಒಪ್ಪಿಕೊಂಡಿವೆ. ಒಂದೇ ನೆಲೆಯಲ್ಲಿ ಎರಡೂ ಇಳಿಯಬೇಕಾದರೆ ಎರಡೂ ಬಗೆಯ ಚಾರ್ಜರುಗಳಿರಬೇಕು. 44 ಯೂನಿಟ್ಟನ್ನು ಹತ್ತು ನಿಮಿಷದಲ್ಲಿ ತುಂಬಲು ಒಂದು ವಿಮಾನಕ್ಕೆ 260 ಕಿಲೊವ್ಯಾಟ್ ದಾಟುತ್ತದೆ, ನಾಲ್ಕು ಒಟ್ಟಿಗೆ ನಿಂತರೆ ಒಂದು ಮೆಗಾವ್ಯಾಟ್. ನಮ್ಮ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಮುಂದೆ ನಿಂತು ಈ ಅಂಕಿಯನ್ನು ಗಟ್ಟಿಯಾಗಿ ಓದಬೇಡಿ.

ತುರ್ತು ವಿಭಾಗ

ನಾನು ವೈದ್ಯೆ. ಇಲ್ಲಿಯವರೆಗಿನ ಚರ್ಚೆಯೆಲ್ಲ ಟಿಕೆಟ್ ಕೊಳ್ಳುವವರ ಸುತ್ತ ನಡೆದಿದೆ. 2025ರ ಆಗಸ್ಟ್ 1ರಂದು ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಕಸಿಗಾಗಿ ಯಕೃತ್ತನ್ನು ನಮ್ಮ ಮೆಟ್ರೊದಲ್ಲಿ ಒಯ್ದದ್ದು ನಿಮಗೆ ನೆನಪಿರಬಹುದು. ಸುಮಾರು 31 ಕಿ.ಮೀ. ದಾರಿಗೆ 55 ನಿಮಿಷ ಹಿಡಿಯಿತು. ರಸ್ತೆಗೆ ಹೋಲಿಸಿದರೆ ಅದೇ ದೊಡ್ಡ ಉಳಿತಾಯ. ಮೇಷ್ಟ್ರ ವಿಮಾನಕ್ಕೆ ಅಷ್ಟು ದೂರ ಎಂಟು ಹತ್ತು ನಿಮಿಷದ್ದು.

ಮದ್ರಾಸ್ ಐಐಟಿಯ ಪ್ರಾಧ್ಯಾಪಕ ಸತ್ಯ ಚಕ್ರವರ್ತಿಯವರು ಕಟ್ಟಿದ ಇಪ್ಲೇನ್ ಕಂಪನಿ, ಬೆಂಗಳೂರಿನ ಐಸಿಎಟಿಟಿ ಎಂಬ ಏರ್ ಆಂಬುಲೆನ್ಸ್ ಸಂಸ್ಥೆಗೆ 788 ವಿದ್ಯುತ್ ಆಂಬುಲೆನ್ಸ್‌ಗಳನ್ನು ಪೂರೈಸುವ ಒಪ್ಪಂದವನ್ನು 2025ರಲ್ಲಿ ಪ್ರಕಟಿಸಿದೆ. ಸಂಖ್ಯೆ ದೊಡ್ಡದಾಗಿದೆ, ವಿಮಾನ ಇನ್ನೂ ಪ್ರಮಾಣೀಕರಣದ ಹಾದಿಯಲ್ಲಿದೆ, ನಾನು ಕುಣಿದಾಡುತ್ತಿಲ್ಲ. ಆದರೆ ಆಂಬುಲೆನ್ಸ್‌ಗೆ ಹೋಲಿಕೆಯ ಅಳತೆಗೋಲೇ ಬೇರೆ. ಇಲ್ಲಿ ಆಸನಗಳನ್ನು ಎಣಿಸುವುದಿಲ್ಲ. ಸ್ಟ್ರೆಚರ್ ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ, ರೋಗಿಯ ತಲೆಯ ಬಳಿ ಕೂರಲು ನನಗೆ ಜಾಗವಿದೆಯೇ, ಉಸಿರಾಟದ ನಳಿಕೆ ಕಳಚಿದರೆ ಕೈ ಚಾಚಿ ಸರಿಪಡಿಸಬಹುದೇ ಎಂಬುದನ್ನು ನೋಡುತ್ತೇವೆ. ಹೊರಡುವುದೂ ಆಸ್ಪತ್ರೆ, ತಲುಪುವುದೂ ಆಸ್ಪತ್ರೆ ಆದ್ದರಿಂದ ಎರಡು ತುದಿಗಳಲ್ಲಿ ಟ್ಯಾಕ್ಸಿ ಹಿಡಿಯುವ ಅರ್ಧ ಗಂಟೆ ಇಲ್ಲವಾಗುತ್ತದೆ. ಸಣ್ಣ ದೂರದ ಹಾರಾಟ ಹತ್ತು ಕಿಲೋಮೀಟರಿಗೂ ಸಮರ್ಥನೀಯವಾಗುವುದು ಈ ಒಂದು ಕೆಲಸಕ್ಕೆ ಎಂದು ನನ್ನ ಅಭಿಪ್ರಾಯ. ಕೊರತೆಯಿರುವುದು ಹೆಲಿಪ್ಯಾಡ್ ಇರುವ ಆಸ್ಪತ್ರೆಗಳದ್ದು.

ಒಂದೇ ಪ್ರಶ್ನೆ

ಇಹ್ಯಾಂಗ್ ಹೊರಬಿದ್ದಿತು ಎಂದು ಎಲ್ಲರೂ ಅದನ್ನು ಮರೆತಂತಿದೆ. ಪ್ರಯಾಣಿಕರನ್ನು ಹೊರುವುದಕ್ಕೆ ಸರ್ಕಾರದ ಟೈಪ್ ಸರ್ಟಿಫಿಕೇಟ್ ಮೊದಲು ಸಿಕ್ಕಿದ್ದು ಅದಕ್ಕೇ ಅಲ್ಲವೇ?

ಹ್ಯಾಂಗರ್ ಹಳಬ

ಹೌದು, 2023ರ ಅಕ್ಟೋಬರಿನಲ್ಲಿ ಚೀನಾದ ನಿಯಂತ್ರಕರು ಕೊಟ್ಟರು. ಅಲ್ಲಿನ ದರ 23.9 ಲಕ್ಷ ಯುವಾನ್ ಎಂದು ಕಂಪನಿ ಪ್ರಕಟಿಸಿತು. 2025ರ ಮಾರ್ಚಿನಲ್ಲಿ ಗುವಾಂಗ್‌ಜೌ ಮತ್ತು ಹೆಫೆಯ ಎರಡು ಸಂಸ್ಥೆಗಳಿಗೆ ಸೇವೆ ನಡೆಸುವ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಅದು ಮೊದಲು ಹಿಡಿದಿರುವ ಕೆಲಸ ಪ್ರವಾಸಿಗರಿಗೆ ಆಕಾಶದಿಂದ ಊರು ತೋರಿಸಿ, ಹೊರಟ ಜಾಗದಲ್ಲಿಯೇ ಇಳಿಸುವುದು. ಅದರ ಬುದ್ಧಿವಂತಿಕೆ ನನಗೆ ಇಷ್ಟವಾಯಿತು: ಎಲ್ಲಿಗೂ ಒಯ್ಯದಿದ್ದರೆ ಎರಡನೆಯ ನೆಲೆಯೂ ಬೇಡ, ದಾರಿಯ ಅನುಮತಿಯೂ ಬೇಡ. ಪೈಲಟ್ ಇಲ್ಲವಾದ್ದರಿಂದ ಎರಡಕ್ಕೆ ಎರಡೂ ಆಸನಗಳನ್ನು ಮಾರಬಹುದು. ವೊಲೊಸಿಟಿಯ ಎರಡು ಆಸನಗಳಲ್ಲಿ ಒಂದು ಪೈಲಟ್ಟಿಗೇ ಹೋಗುತ್ತಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಯಾಣಿಕರನ್ನು ಹೊರುವ ಆಸೆ ಪ್ರಮಾಣೀಕರಣ ಮುಗಿಯದೆ ಕೈಗೂಡಲಿಲ್ಲ, ವರ್ಸೇಲ್ಸ್‌ನಲ್ಲಿ ಪ್ರದರ್ಶನ ಹಾರಾಟವಷ್ಟೇ ನಡೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮುಂದೆ ಅದನ್ನು ಕೊಂಡದ್ದು ಆಸ್ಟ್ರಿಯದ ಡೈಮಂಡ್ ಏರ್‌ಕ್ರಾಫ್ಟ್. ಒಬ್ಬ ಪ್ರಯಾಣಿಕನ ಟಿಕೆಟ್ಟಿನಲ್ಲಿ ಒಬ್ಬ ಪೈಲಟ್ಟಿನ ಸಂಬಳ ಹುಟ್ಟುವುದಿಲ್ಲವೆಂದು ಯಾವ ಆಟೋ ಚಾಲಕರೂ ಹೇಳಿಬಿಡುತ್ತಿದ್ದರು.

ವಾರದ ಪ್ರಯಾಣಿಕ

ಎಲ್ಲರಿಗೂ ವಂದನೆಗಳು. ಹಾಳೆಯನ್ನು ಹರಿದು ಹೊಸದಾಗಿ ಬರೆದಿದ್ದೇನೆ. ಈ ಬಾರಿ ವಿಮಾನಗಳ ಬದಲು ನನ್ನ ನಿಮಿಷಗಳನ್ನು ಬರೆದೆ.

ಮನೆಯಿಂದ ನೆಲೆಗೆ ಆಟೋದಲ್ಲಿ 15 ನಿಮಿಷ. ತಪಾಸಣೆ ಮತ್ತು ತೂಕಕ್ಕೆ 10. ಕೇದಾರನಾಥಕ್ಕೆ ಹೆಲಿಕಾಪ್ಟರಿನಲ್ಲಿ ಹೋದವರಿಗೆ ಗೊತ್ತಿರುವಂತೆ ಅಲ್ಲಿ ಚೀಲವನ್ನಷ್ಟೇ ಅಲ್ಲ, ನಮ್ಮನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ, ಹಿಂದೆ ನಿಂತವರು ಅಂಕಿಯನ್ನು ಇಣುಕಿ ನೋಡುತ್ತಾರೆ. ಹೊರಡುವ ಅನುಮತಿಗೆ 5, ಹಾರಾಟಕ್ಕೆ ಏರಿಳಿತ ಸೇರಿ 13, ಇಳಿದು ಟರ್ಮಿನಲ್ ಬಾಗಿಲಿಗೆ 10. ಒಟ್ಟು 53 ನಿಮಿಷ. ಸಂಜೆ ಆರಕ್ಕೆ ಕಾರಿನಲ್ಲಿ ಎರಡು ಗಂಟೆಯಾಗುವಾಗ ಇದರಿಂದ ಒಂದು ಗಂಟೆಗಿಂತ ಹೆಚ್ಚು ಉಳಿಯುತ್ತದೆ. ಬೆಳಗಿನ ನಾಲ್ಕಕ್ಕೆ ಕಾರಿನಲ್ಲಿಯೇ ಒಂದು ಗಂಟೆಯಲ್ಲಿ ತಲುಪುವುದರಿಂದ ಏನೂ ಉಳಿಯುವುದಿಲ್ಲ, ಮತ್ತು ನನ್ನ ವಿಮಾನಗಳಲ್ಲಿ ಅರ್ಧದಷ್ಟು ಬೆಳಗಿನವು. ವಿಮಾನದ ವೇಗ 240ರ ಬದಲು 320 ಆದರೆ ಈ 53ರಲ್ಲಿ ಉಳಿಯುವುದು ಎರಡೂವರೆ ನಿಮಿಷ. ಜೋಬಿಗೂ ಆರ್ಚರಿಗೂ ನಡುವೆ ನಾನು ಅಷ್ಟು ತಲೆಕೆಡಿಸಿಕೊಂಡದ್ದು ಈ ಎರಡೂವರೆ ನಿಮಿಷಕ್ಕಾಗಿ.

ದರದ ವಿಷಯದಲ್ಲಿ ನಮ್ಮ ಊರಿಗೆ ಅನುಭವವಿದೆ. 2018ರಲ್ಲಿ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಶುರುವಾದಾಗ ಸುಮಾರು 15 ನಿಮಿಷಕ್ಕೆ ತೆರಿಗೆ ಸೇರಿ 4,130 ರೂಪಾಯಿ. 2022ರ ಅಕ್ಟೋಬರಿನಲ್ಲಿ ಎಚ್‌ಎಎಲ್‌ನಿಂದ ವಿಮಾನ ನಿಲ್ದಾಣಕ್ಕೆ 12 ನಿಮಿಷಕ್ಕೆ 3,250 ರೂಪಾಯಿ. ಎರಡೂ ಊರಿನ ದಿನಚರಿಯಲ್ಲಿ ಬೇರು ಬಿಡಲಿಲ್ಲ. ಇಂಡಿಗೊ ವಿಮಾನಗಳ ಹಿಂದಿರುವ ಇಂಟರ್‌ಗ್ಲೋಬ್ ಮತ್ತು ಆರ್ಚರ್ 2023ರಲ್ಲಿ ದೆಹಲಿಯ ಕನಾಟ್ ಪ್ಲೇಸಿನಿಂದ ಗುರುಗ್ರಾಮಕ್ಕೆ ಏಳು ನಿಮಿಷ ಎಂದು ಘೋಷಿಸಿದವು. ಅದರ ಟಿಕೆಟ್ 2,000ದಿಂದ 3,000 ರೂಪಾಯಿ ಇರಬಹುದೆಂದು ಆಮೇಲೆ ವರದಿಯಾಯಿತು. ಅದು ನಿಜವಾದರೂ ಕಾರಿನ ಬಾಡಿಗೆಯ ಸುಮಾರು ಎರಡರಷ್ಟು. ಉಳಿದ ಒಂದು ಗಂಟೆಗೆ ಅಷ್ಟು ಕೊಡಲು ನನ್ನ ಕಚೇರಿ ಒಪ್ಪುವ ದಿನಗಳು ವರ್ಷಕ್ಕೆ ಐದಾರು.

2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ನಮ್ಮ ಮನೆಯ ಬಳಿಯೇ ಓಡುತ್ತಿದೆ, ವಿಮಾನ ನಿಲ್ದಾಣದ ನೀಲಿ ಮಾರ್ಗದ ಕಂಬಗಳು ಹೆಬ್ಬಾಳದಲ್ಲಿ ಎದ್ದಿವೆ. ಎರಡೂ ಕೂಡಿದ ದಿನ ಮೆಟ್ರೊದ ನಿಮಿಷಗಳನ್ನು ಪಕ್ಕದ ಅಂಕಣದಲ್ಲಿ ತುಂಬಲೆಂದು ಹೊಸ ಹಾಳೆಯಲ್ಲಿ ಜಾಗ ಬಿಟ್ಟಿದ್ದೇನೆ. ಸದ್ಯಕ್ಕೆ 40 ಕಿ.ಮೀ. ದಾರಿಗೆ ಆರ್ಚರ್ ಮತ್ತು ಜೋಬಿಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದೇನೆ, ‘ಶೂನ್ಯ’ದ ಮುಂದೆ ಪೂರ್ಣ ಗಾತ್ರದ ವಿಮಾನ ಹಾರಿದ ಮೇಲೆ ಎಂದು ಬರೆದಿದ್ದೇನೆ, ಹತ್ತು ಕಿಲೋಮೀಟರಿನ ಸಾಲಿನಲ್ಲಿ ಡಾಕ್ಟರ ಸ್ಟ್ರೆಚರ್ ಬಿಟ್ಟರೆ ಬೇರೇನನ್ನೂ ಬರೆದಿಲ್ಲ.

ಲೆಕ್ಕದ ಮೇಷ್ಟ್ರು

ಹೊಸ ಹಾಳೆ ಚೆನ್ನಾಗಿದೆ. ಅದರಲ್ಲಿ ನನ್ನ ತಪ್ಪೊಂದು ಸೇರಿಕೊಂಡಿರಬಹುದು, ತಿದ್ದಿಕೊಳ್ಳಿ. ಮೊದಲ ದಿನದ ಲೆಕ್ಕದಲ್ಲಿ ನಾನು ಹಿಡಿದದ್ದು ಸಮುದ್ರಮಟ್ಟದ ಗಾಳಿಯನ್ನು. ಏಪ್ರಿಲ್ ತಿಂಗಳ ಬೆಂಗಳೂರಿನ ತೆಳು ಗಾಳಿಯಲ್ಲಿ ನಿಂತಲ್ಲೇ ನಿಲ್ಲಲು ಬೇಕಾದ ಶಕ್ತಿ ಸುಮಾರು ಶೇ. 9ರಷ್ಟು ಹೆಚ್ಚಾಗುತ್ತದೆ, ಏರಿಳಿಯುವ ಎರಡು ನಿಮಿಷಕ್ಕೆ 17 ಯೂನಿಟ್ ಎಂದಿರುವಲ್ಲಿ 19 ಎಂದು ಓದಿಕೊಳ್ಳಬೇಕು.